ಡಬ್ಬಕ್ಕೆ ವಾರಂಟಿ ಇದೆ, ಒಳಗಿನ ಫೋಟೊಗಳಿಗೆ ಇಲ್ಲ

ಹಾರ್ಡ್‌ಡಿಸ್ಕ್ ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಬರುವವರು ಎರಡು ಪ್ರಶ್ನೆ ಹೊತ್ತು ಬಂದಿರುತ್ತಾರೆ. ‘ಇನ್ನೂ ವಾರಂಟಿ ಇದೆಯಲ್ಲ?’ ಎನ್ನುವುದು ಮೊದಲನೆಯದು. ‘ಇದೆ, ಬದಲಿ ಕೊಡುತ್ತೇವೆ’ ಎಂಬ ಉತ್ತರ ಸಿಕ್ಕಿದ ಮೇಲೆ ಎರಡನೆಯದು ಬರುತ್ತದೆ: ‘ಒಳಗಿದ್ದದ್ದು ಸಿಗುತ್ತಾ?’ ಅವರಿಗೆ ನಿಜವಾಗಿ ಬೇಕಾದದ್ದು ಈ ಎರಡನೆಯದರ ಉತ್ತರ. ಮಗುವಿನ ನಾಮಕರಣದ ವಿಡಿಯೊ, ತೀರಿಕೊಂಡ ತಂದೆಯ ದನಿ, ಪಿಎಚ್‌ಡಿ ಟಿಪ್ಪಣಿ, ಇನ್ನೂ ಆಲ್ಬಂ ಆಗಬೇಕಿದ್ದ ಯಾರದೋ ಮದುವೆಯ ಫೋಟೊಗಳು ಆ ಡಬ್ಬದಲ್ಲಿರುತ್ತವೆ. ಡಿಸ್ಕ್ ತಯಾರಿಸುವ ಕಂಪನಿಗಳ ವಾರಂಟಿ ಪತ್ರವನ್ನು ಪೂರ್ತಿ ಓದಿದರೆ ಒಂದು ಸಾಲು ತಪ್ಪದೆ ಸಿಗುತ್ತದೆ. ಒಳಗಿನ ಡೇಟಾಕ್ಕೆ ತಾವು ಹೊಣೆಯಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಕೆಲವು ಮಾದರಿಗಳ ಜೊತೆ ಸೀಗೇಟ್‌ನಂಥ ಕಂಪನಿಗಳು ಡೇಟಾ ಮರಳಿ ತೆಗೆಯಲು ಯತ್ನಿಸುವ ಸೇವೆಯನ್ನೂ ಸೇರಿಸಿ ಕೊಡುತ್ತವೆ. ಅದು ಕೂಡ ಯತ್ನದ ಭರವಸೆಯೇ, ಫಲದ ಭರವಸೆಯಲ್ಲ.

ಎಕ್ಸ್‌ಟರ್ನಲ್ ಡಿಸ್ಕ್, ಎಸ್‌ಎಸ್‌ಡಿ, ಪೆನ್‌ಡ್ರೈವ್ ಕೊಂಡವರು ಸಾಮಾನ್ಯವಾಗಿ ಹೇಳಿಕೊಳ್ಳುವ ಅನುಭವಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಯಾವುದು ಮೋಸ, ಯಾವುದು ದೋಷ, ಯಾವುದು ಬರೀ ಗೈರುತಿಳಿವಳಿಕೆ ಎಂದು ಬಿಡಿಸಿ ಹೇಳುವುದು ಇಲ್ಲಿನ ಉದ್ದೇಶ.

1 ಟಿಬಿ ಕೊಂಡೆ, 931 ತೋರಿಸುತ್ತಿದೆ

ಹೆಚ್ಚು ಕೇಳಿಬರುವ ದೂರು ಇದು. ಇದರಲ್ಲಿ ಮೋಸವಿಲ್ಲ. ಡಿಸ್ಕ್ ತಯಾರಕರು 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಮಾತ್ರ ಸಾವಿರದ ಬದಲು 1024ರಿಂದ ಭಾಗಿಸುತ್ತಾ ಹೋಗುತ್ತದೆ. ಕೊನೆಗೆ 931 ಜಿಬಿ ಎಂದು ತೋರಿಸುತ್ತದೆ. ಅದೇ ಡಿಸ್ಕನ್ನು ಆಪಲ್ ಮ್ಯಾಕ್‌ಗೆ ಹಾಕಿದರೆ ಸಾವಿರ ಜಿಬಿಯೇ ಕಾಣುತ್ತದೆ. 2 ಟಿಬಿಗೆ 1863, 500 ಜಿಬಿಗೆ 465 ಬಂದರೂ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ಇದರ ತದ್ವಿರುದ್ಧದ ಪ್ರಸಂಗಕ್ಕೆ. ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಎಂದು ಎರಡು ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಮಾರುವ ಸಾಧನ ಕಂಪ್ಯೂಟರಿಗೆ ಹಾಕಿದಾಗ ಡಬ್ಬದ ಮೇಲಿನ ಅಳತೆಯನ್ನೇ ತೋರಿಸುತ್ತದೆ. ಏಕೆಂದರೆ ಒಳಗಿನ ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿಟ್ಟಿರುತ್ತಾರೆ. ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಅಗ್ಗದ ಮೆಮೊರಿ ಕಾರ್ಡ್, ಅದನ್ನು ಕಚ್ಚಿಕೊಂಡ ಒಂದು ಕಾರ್ಡ್ ರೀಡರ್, ತೂಕಕ್ಕೆ ಲೋಹದ ತುಂಡು. ಮೊದಲ ಕೆಲವು ಜಿಬಿ ಸರಿಯಾಗಿ ಉಳಿಯುತ್ತದೆ. ಆಮೇಲೆ ಹಾಕಿದ್ದು ಹಳೆಯದರ ಮೇಲೆಯೇ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲಿಯೂ ಉಳಿಯುವುದಿಲ್ಲ. ಫೈಲಿನ ಹೆಸರು ಕಾಣುತ್ತದೆ, ತೆರೆಯಲು ಹೋದರೆ ‘ಕರಪ್ಟ್’ ಎನ್ನುತ್ತದೆ. ಕೊಂಡ ದಿನವೇ ‘ಚೆನ್ನಾಗಿದೆ, ಹೇಳಿದ ಸೈಜ್ ಇದೆ’ ಎಂದು ಐದು ನಕ್ಷತ್ರ ಕೊಟ್ಟವರು ಸುಳ್ಳು ಹೇಳಿದ್ದಲ್ಲ. ಅವರು ಇನ್ನೂ ತುಂಬಿಸಿ ನೋಡಿರಲಿಲ್ಲ, ಅಷ್ಟೆ. ಅಂಥ ರಿವ್ಯೂಗಳನ್ನು ನಂಬಿ ಇನ್ನೂ ನೂರು ಜನ ಕೊಳ್ಳುತ್ತಾರೆ. ಈ ದಂಧೆ ನಡೆಯುವುದು ಹೀಗೆ.

ಇದನ್ನು ಪತ್ತೆ ಮಾಡಲು ಉಚಿತ ತಂತ್ರಾಂಶಗಳಿವೆ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಎಫ್3’. ಇವು ಡ್ರೈವನ್ನು ಅಂಚಿನವರೆಗೆ ಗೊತ್ತಿರುವ ಅಂಕಿಗಳಿಂದ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡಿಸ್ಕಿಗೆ ಇಡೀ ರಾತ್ರಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕೊಡಿ. ಹೊಸ ಡ್ರೈವ್ ಮನೆಗೆ ಬಂದೊಡನೆ, ಅದರಲ್ಲಿ ಏನನ್ನೂ ಇಡುವ ಮೊದಲು, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಈ ಪರೀಕ್ಷೆ ಆಗಲೇಬೇಕು. ಹೆಸರಾಂತ ಕಂಪನಿಯ ಡ್ರೈವ್ ಆದರೂ ಸರಿ. ನಕಲಿಗಳು ಹೆಸರಾಂತ ಕಂಪನಿಯ ಲೇಬಲ್ ಹೊತ್ತೇ ಬರುತ್ತವೆ. ಇನ್ನೊಂದು ಉಪಯೋಗವೂ ಇದೆ: ಹುಟ್ಟುದೋಷವಿರುವ ಅಸಲಿ ಡಿಸ್ಕ್ ಈ ಒತ್ತಡದಲ್ಲಿಯೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.

‘ಸ್ಲೋ’ ಎಂಬ ದೂರು

ಮೊದಲು ಕೇಬಲ್ಲು, ಪೋರ್ಟು ನೋಡಿ. ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಎಂಥ ದುಬಾರಿ ಎಸ್‌ಎಸ್‌ಡಿಯೂ ಸೆಕೆಂಡಿಗೆ 40 ಎಂಬಿ ಆಸುಪಾಸಿನಲ್ಲೇ ತೆವಳುತ್ತದೆ. ಒಳಗೆ ನೀಲಿ ನಾಲಿಗೆ ಇರುವ ಪೋರ್ಟು ಸಾಮಾನ್ಯವಾಗಿ ಯುಎಸ್‌ಬಿ 3. ಮೊಬೈಲ್ ಚಾರ್ಜರಿನ ಟೈಪ್-ಸಿ ಕೇಬಲ್ಲುಗಳಲ್ಲಿ ಬಹಳಷ್ಟು 2.0 ವೇಗದವು. ಎಸ್‌ಎಸ್‌ಡಿ ಜೊತೆಗೆ ಬಂದ ಕೇಬಲ್ಲನ್ನೇ ಬಳಸಿ.

ಕೇಬಲ್ಲು ಸರಿಯಿದ್ದೂ, ಶುರುವಿನಲ್ಲಿ ಜೋರಾಗಿ ಓಡಿ ನಡುವೆ ಕುಸಿದರೆ ಕಾರಣ ಒಳಗಿದೆ. ಇಂದು ಮಾರುಕಟ್ಟೆಯಲ್ಲಿರುವ ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್‌ಡಿಸ್ಕುಗಳಲ್ಲಿ ಬಹುಪಾಲು ‘ಎಸ್‌ಎಂಆರ್’ ಬಗೆಯವು. ಇವುಗಳಲ್ಲಿ ದತ್ತಾಂಶದ ಪಟ್ಟಿಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಅಂಚು ಚಾಚಿಕೊಂಡಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನ ಸಾಲುಗಳನ್ನೂ ತೆಗೆದು ಮತ್ತೆ ಹೊದಿಸಬೇಕಲ್ಲ, ಹಾಗೆ ಇಲ್ಲಿ ಒಂದು ಪಟ್ಟಿಗೆ ಹೊಸದು ಬರೆಯಲು ಪಕ್ಕದ ಪಟ್ಟಿಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿ ಎತ್ತಿಡಲು ಇಂಥ ಡಿಸ್ಕ್ ಸಾಕು. ಅದರ ಮೇಲೆಯೇ ನೇರವಾಗಿ ವಿಡಿಯೊ ಎಡಿಟಿಂಗ್ ಮಾಡಲು ಕೂತರೆ ನರಳುತ್ತದೆ. ಎಸ್‌ಎಸ್‌ಡಿಗಳಲ್ಲಿ ಅಗ್ಗದ ‘ಕ್ಯೂಎಲ್‌ಸಿ’ ಬಗೆಯವು ಕೂಡ ಹೀಗೆಯೇ; ವೇಗದ ಪುಟ್ಟ ಭಾಗ ತುಂಬಿದ ಮೇಲೆ ಹಾರ್ಡ್‌ಡಿಸ್ಕಿನ ವೇಗಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತವೆ. ಡಬ್ಬದ ಮೇಲಿನ ‘ಸೆಕೆಂಡಿಗೆ 1050 ಎಂಬಿ’ ಎಂಬ ಬರಹ ಮೊದಲ ಓಟದ ವೇಗ.

ಈ ಬಗೆಯ ವಿವರವನ್ನು ಕಂಪನಿಗಳು ತಾವಾಗಿ ಹೇಳುವುದು ಕಡಿಮೆ. ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸರಣಿಯ ಕೆಲವು ಡಿಸ್ಕುಗಳಲ್ಲಿ ಎಸ್‌ಎಂಆರ್ ವಿಧಾನ ಬಳಸಿದ್ದನ್ನು 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡದ್ದು, ಬಳಕೆದಾರರೇ ಪತ್ತೆ ಹಚ್ಚಿ ಪಟ್ಟು ಹಿಡಿದ ಮೇಲೆ. ಆ ಸರಣಿ ಇಡೀ ದಿನ ಓಡುವ ನೆಟ್‌ವರ್ಕ್ ಸಂಗ್ರಹಕ್ಕೆಂದೇ ಮಾರುತ್ತಿದ್ದದ್ದು. ಆಮೇಲಷ್ಟೇ ಯಾವ ಮಾದರಿಯಲ್ಲಿ ಏನಿದೆ ಎಂಬ ಪಟ್ಟಿ ಹೊರಬಂತು. ಗ್ರಾಹಕರು ಅನುಭವವನ್ನು ಸರಿಯಾಗಿ, ಮಾದರಿಯ ಸಂಖ್ಯೆಯ ಸಮೇತ ಬರೆದಿಟ್ಟರೆ ಎಷ್ಟು ಕೆಲಸವಾಗುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಇನ್ನೊಂದು ಉದಾಹರಣೆ 2023ರದ್ದು. ಸ್ಯಾನ್‌ಡಿಸ್ಕ್‌ನ ‘ಎಕ್ಸ್‌ಟ್ರೀಮ್’ ಸರಣಿಯ ಪೋರ್ಟಬಲ್ ಎಸ್‌ಎಸ್‌ಡಿಗಳು ಇದ್ದಕ್ಕಿದ್ದಂತೆ ಸಂಪರ್ಕ ಕಳಚಿಕೊಂಡು ಫೈಲುಗಳು ಮಾಯವಾಗುತ್ತಿವೆ ಎಂದು ಛಾಯಾಗ್ರಾಹಕರು, ವಿಡಿಯೊ ಕೆಲಸದವರು ದೂರುತ್ತಾ ಬಂದರು. ಕಂಪನಿ ಕೆಲವು ಮಾದರಿಗಳಿಗೆ ಫರ್ಮ್‌ವೇರ್ ತಿದ್ದುಪಡಿ ಹೊರಡಿಸಿತು. ಅಮೆರಿಕದಲ್ಲಿ ಮೊಕದ್ದಮೆಗಳೂ ದಾಖಲಾದವು. ಆ ಮೊದಲು ಅದೇ ಸರಣಿ ಒಳ್ಳೆಯ ಹೆಸರು ಪಡೆದಿತ್ತು.

ಆದ್ದರಿಂದ ಬೇರೆಯವರ ರಿವ್ಯೂ ಓದುವಾಗ ಸರಾಸರಿ ನಕ್ಷತ್ರಗಳನ್ನು ಬದಿಗಿಡಿ. ಆರು ತಿಂಗಳು, ವರ್ಷ ಬಳಸಿ ಬರೆದವರನ್ನು ಹುಡುಕಿ. ಒಂದೇ ಲಕ್ಷಣದ ದೂರು ಬೇರೆ ಬೇರೆ ಜನರಿಂದ ಮರುಕಳಿಸುತ್ತಿದ್ದರೆ ಅದನ್ನು ನಂಬಿ. ‘ಡಬ್ಬ ಜಜ್ಜಿತ್ತು, ಡೆಲಿವರಿ ತಡವಾಯ್ತು’ ಎಂಬ ಒಂದು ನಕ್ಷತ್ರ ನಿಮಗೆ ಉಪಯೋಗವಿಲ್ಲ. ಯಾವ ಬ್ರ್ಯಾಂಡ್ ಒಳ್ಳೆಯದು ಎಂಬ ಪ್ರಶ್ನೆಗಂತೂ ನನ್ನ ಬಳಿ ಒಂದು ಹೆಸರಿನ ಉತ್ತರವಿಲ್ಲ. ಜಗತ್ತಿನಲ್ಲಿ ಈಗ ಹಾರ್ಡ್‌ಡಿಸ್ಕ್ ತಯಾರಿಸುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ ಕಂಪನಿಗಳು. ಮೂರರಲ್ಲೂ ಒಳ್ಳೆಯ ಮಾದರಿಗಳೂ ಕೆಟ್ಟ ಮಾದರಿಗಳೂ ಬಂದಿವೆ. ಲಕ್ಷಗಟ್ಟಲೆ ಡಿಸ್ಕ್ ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ ತನ್ನಲ್ಲಿ ಕೆಟ್ಟವುಗಳ ಲೆಕ್ಕವನ್ನು ಮಾದರಿವಾರು ಪ್ರಕಟಿಸುತ್ತದೆ. 2023ರಲ್ಲಿ ಶೇ 1.40, 2024ರಲ್ಲಿ ಶೇ 1.57 ಡಿಸ್ಕುಗಳು ಅಲ್ಲಿ ಕೆಟ್ಟವು. ತಂಪು ಕೋಣೆಯಲ್ಲಿ, ಸ್ಥಿರ ವಿದ್ಯುತ್ತಿನಲ್ಲಿ, ಯಾರೂ ಮುಟ್ಟದ ಕಡೆ ಇರುವ ಡಿಸ್ಕುಗಳ ಲೆಕ್ಕ ಇದು. ಬಸ್ಸಿನಲ್ಲಿ ಬ್ಯಾಗಿನೊಳಗೆ ಓಡಾಡುವ ಡಿಸ್ಕಿಗೆ ಅಷ್ಟು ನೆಮ್ಮದಿ ಇಲ್ಲ.

ಬಿಲ್ಲು, ಲೇಬಲ್ಲು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ‘ಬಿಲ್ ಬೇಡವಾದರೆ ಇಷ್ಟಕ್ಕೆ ಕೊಡ್ತೀನಿ’ ಎಂಬ ಮಾತು ಬರಬಹುದು. ಒಪ್ಪಬೇಡಿ. ಆ ರಿಯಾಯಿತಿಗೆ ನೀವು ಕೊಡುವ ಬೆಲೆ ಮೂರು ವರ್ಷದ ವಾರಂಟಿ ಮತ್ತು ಗ್ರಾಹಕರ ಆಯೋಗಕ್ಕೆ ಹೋಗುವಾಗಿನ ಮುಖ್ಯ ಸಾಕ್ಷಿ. ಜಿಎಸ್‌ಟಿ ಬಿಲ್ಲಿನ ಮೇಲೆ ಡಿಸ್ಕಿನ ಸೀರಿಯಲ್ ನಂಬರನ್ನೂ ಬರೆಸಿಕೊಳ್ಳಿ. ಥರ್ಮಲ್ ಕಾಗದದ ಬಿಲ್ಲು ವರ್ಷದೊಳಗೆ ಮಾಸುತ್ತದೆ, ಅಂದೇ ಫೋಟೊ ತೆಗೆದಿಡಿ; ಆ ಫೋಟೊ ಅದೇ ಡಿಸ್ಕಿನಲ್ಲಿ ಮಾತ್ರ ಇರಬಾರದು.

ಆಮದಾದ ಸರಕಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ಇವೆಲ್ಲ ಇರಬೇಕೆಂದು ಕಾನೂನುಮಾಪನ ನಿಯಮ ಹೇಳುತ್ತದೆ. ಆ ಸ್ಟಿಕ್ಕರ್ ಇಲ್ಲದ ಡಬ್ಬ ಬೇರೆ ದೇಶದ ಮಾರುಕಟ್ಟೆಯಿಂದ ಅಡ್ಡದಾರಿಯಲ್ಲಿ ಬಂದಿರಬಹುದು. ಅಂಥದ್ದಕ್ಕೆ ಕಂಪನಿ ಭಾರತದಲ್ಲಿ ವಾರಂಟಿ ನಿರಾಕರಿಸುತ್ತದೆ. ಅಂಗಡಿಯಲ್ಲಿ ನಿಂತಿರುವಾಗಲೇ ಕಂಪನಿಯ ತಾಣದ ವಾರಂಟಿ ಪುಟದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ವಾರಂಟಿ ಎಂದಿಗೆ ಮುಗಿಯುತ್ತದೆ, ಯಾವ ಪ್ರದೇಶಕ್ಕೆ ಸೇರಿದ್ದು ಎಂದು ಅದು ಹೇಳುತ್ತದೆ. ಕೊಂಡ ದಿನವೇ ಎರಡು ವರ್ಷ ಕಳೆದುಹೋಗಿದ್ದರೆ ನಿಮ್ಮ ಕೈಗೆ ಬಂದಿರುವುದು ಹೊಸದಲ್ಲ.

ಹಳೆಯದನ್ನು ಹೊಸದೆಂದು ಮಾರುವುದು ಸಣ್ಣ ಮಟ್ಟದ ವ್ಯವಹಾರವೂ ಅಲ್ಲ. ಸಾವಿರಾರು ಗಂಟೆ ಓಡಿದ ಸೀಗೇಟ್ ಸರ್ವರ್ ಡಿಸ್ಕುಗಳ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ, ಹೊಸದೆಂದು ಮಾರಿರುವುದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಮೇಲ್ನೋಟಕ್ಕೆ ಕಾಣುವ ಲೆಕ್ಕವನ್ನು ಅಳಿಸಿದವರಿಗೆ ಡಿಸ್ಕ್ ಒಳಗೆ ಪ್ರತ್ಯೇಕವಾಗಿ ಇಟ್ಟುಕೊಂಡಿದ್ದ ಇನ್ನೊಂದು ದಾಖಲೆಯನ್ನು ಅಳಿಸಲಾಗಿರಲಿಲ್ಲ. ಹೊಸ ಡಿಸ್ಕ್ ಕೈಗೆ ಬಂದಾಗ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ಉಚಿತ ತಂತ್ರಾಂಶದಲ್ಲಿ ‘ಪವರ್ ಆನ್ ಅವರ್ಸ್’ ಎಷ್ಟಿದೆ ನೋಡುವುದು ಒಳ್ಳೆಯ ರೂಢಿ. ಪರದೆಯ ಚಿತ್ರ ತೆಗೆದು ಬಿಲ್ಲಿನ ಜೊತೆ ಇಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ, ವಿಳಾಸದ ಚೀಟಿ ಕಾಣುವಂತೆ, ನಡುವೆ ಕತ್ತರಿಸದೆ, ಡಬ್ಬ ಒಡೆಯುವ ವಿಡಿಯೊ ಮಾಡಿ.

ಡೆಟೆಕ್ಟ್ ಆಗ್ತಿಲ್ಲ

ಈ ಮಾತು ಬಾಯಿಗೆ ಬಂದ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಒಳಗಿದ್ದದ್ದು ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಿವಿಗೊಟ್ಟು ಕೇಳಿ. ಹಾರ್ಡ್‌ಡಿಸ್ಕಿನಿಂದ ತಾಳಬದ್ಧವಾಗಿ ‘ಟಿಕ್, ಟಿಕ್’ ಸದ್ದೋ, ಕೆರೆಯುವ ಸದ್ದೋ ಬರುತ್ತಿದ್ದರೆ ತಕ್ಷಣ ಕಳಚಿ. ಮತ್ತೊಮ್ಮೆ ಹಾಕಿ ನೋಡೋಣ ಎನ್ನಬೇಡಿ. ಓದುವ ತಲೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ಜಖಂಗೊಂಡು ತಟ್ಟೆಯನ್ನು ತಾಕಿದರೆ ಪ್ರತಿ ಸುತ್ತಿಗೂ ಒಂದಷ್ಟು ದತ್ತಾಂಶ ಶಾಶ್ವತವಾಗಿ ಅಳಿಸಿಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ಹಳೆಯ ಮಾತನ್ನು ಕೇಳಬೇಡಿ, ತೇವ ಕೂತು ಇನ್ನೂ ಕೆಡುತ್ತದೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆರೆಯುವವರ ಕೈಗೆ ಕೊಡಬೇಡಿ. ಆ ಕೆಲಸ ಧೂಳಿಲ್ಲದ ಕ್ಲೀನ್‌ರೂಮಿನಲ್ಲಿ ಆಗಬೇಕಾದದ್ದು. ಇಂಥ ರಿಕವರಿಗೆ ಡಿಸ್ಕಿನ ಬೆಲೆಯ ಹಲವು ಪಟ್ಟು ಖರ್ಚಾಗುತ್ತದೆ. ಡಿಸ್ಕ್ ಒಪ್ಪಿಸುವ ಮೊದಲು ಲಿಖಿತ ಅಂದಾಜು ಕೇಳಿ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನೂ ಬರೆಸಿಕೊಳ್ಳಿ.

ಅಂಥ ಸದ್ದಿಲ್ಲದಿದ್ದರೆ ಆಸೆಗೆ ಜಾಗವಿದೆ. ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್ ಈ ಕ್ರಮದಲ್ಲಿ ನೋಡಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ, ಅಲ್ಲಿ ವಿದ್ಯುತ್ ಗಟ್ಟಿಯಾಗಿ ಸಿಗುತ್ತದೆ. ಕೆಟ್ಟಿತೆಂದು ಬರುವ ಎಷ್ಟೋ ಡಿಸ್ಕುಗಳ ಕಾಯಿಲೆ ಡಿಸ್ಕಿಗೆ ಚುಚ್ಚುವ ಅಗಲ ಮೂತಿಯ ಕೇಬಲ್ಲಿನದ್ದು. ‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಅದು ಡಿಸ್ಕ್ ಖಾಲಿ ಎಂದು ಹೇಳುತ್ತಿಲ್ಲ, ಅದರ ಪರಿವಿಡಿ ಓದಲಾಗುತ್ತಿಲ್ಲ ಎನ್ನುತ್ತಿದೆ. ದುರಸ್ತಿ ಮಾಡುವ ‘ಚೆಕ್‌ಡಿಸ್ಕ್’ ಆದೇಶವನ್ನೂ ಮೊದಲೇ ಓಡಿಸಬೇಡಿ, ಸೋತ ಡಿಸ್ಕಿನ ಮೇಲೆ ಅದು ಬರೆಯಲು ಹೋಗುತ್ತದೆ. ಮೊದಲು ಡಿಸ್ಕಿನ ಪೂರ್ತಿ ಪ್ರತಿ ಇನ್ನೊಂದು ಡಿಸ್ಕಿಗೆ ಇಳಿಯಬೇಕು; ಹುಡುಕಾಟವೆಲ್ಲ ಆ ಪ್ರತಿಯ ಮೇಲೆ ನಡೆಯಬೇಕು.

ಡಿಸ್ಕ್ ಇನ್ನೂ ನಡೆಯುತ್ತಿರುವಾಗಲೇ ಮುನ್ಸೂಚನೆ ಕೊಡುವುದುಂಟು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುವ ಸಾಲುಗಳಲ್ಲಿ 05, ಸಿ5, ಸಿ6 ಈ ಮೂರರ ಕೊನೆಯ ಅಂಕಣ ಸೊನ್ನೆಯಾಗಿರಬೇಕು. ಸಿ5 ಸೊನ್ನೆ ದಾಟಿದರೆ ಓದಲಾಗದ ಜಾಗಗಳು ಹುಟ್ಟುತ್ತಿವೆ ಎಂದರ್ಥ. ಆ ದಿನವೇ ಪ್ರತಿ ಮಾಡಿ. ಸಿ7 ಏರುತ್ತಿದ್ದರೆ ಸಾಮಾನ್ಯವಾಗಿ ದೋಷ ಡಿಸ್ಕಿನದ್ದಲ್ಲ, ಸಂಪರ್ಕದ್ದು. ಎಸ್‌ಎಸ್‌ಡಿಗಳು ಮಾತ್ರ ಯಾವ ಸೂಚನೆಯನ್ನೂ ಕೊಡದೆ ಒಂದೇ ಕ್ಷಣದಲ್ಲಿ ಹೋಗಿಬಿಡಬಲ್ಲವು. ಅವನ್ನು ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಬೀರುವಿನಲ್ಲಿ ಇಡುವುದೂ ಕ್ಷೇಮವಲ್ಲ, ಚಿಪ್ಪಿನೊಳಗಿನ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ.

ನಮ್ಮ ಊರುಗಳಿಗೇ ಸೇರಿದ ಕಾರಣಗಳೂ ಇವೆ. ಮಲೆನಾಡಿನ ಮಳೆಗಾಲದ ಶೀತ, ಕರಾವಳಿಯ ಉಪ್ಪುಗಾಳಿ ಕನೆಕ್ಟರಿನ ಲೋಹವನ್ನು ತಿನ್ನುತ್ತವೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಡಿಸ್ಕಿಗೆ ಬರೆಯಬೇಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದನ್ನು ‘ಎಲ್ಲ ಮನೆಯಲ್ಲೂ ಹಾಗೇ’ ಎಂದು ಬಿಟ್ಟವರು ಬಹಳ. ಅದು ಅರ್ಥಿಂಗ್ ಇಲ್ಲದ ಲಕ್ಷಣ, ಮನುಷ್ಯರಿಗೂ ಯಂತ್ರಕ್ಕೂ ಕೇಡು. ಇನ್ನು, ಮೇಜಿನ ಮೇಲಿಡುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕುಗಳ ಅಡಾಪ್ಟರ್ 12 ವೋಲ್ಟಿನದು. ಪಿನ್ ಕೂರುತ್ತದೆಂದು ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಚುಚ್ಚಿದರೆ ಬೋರ್ಡ್ ಸುಡುತ್ತದೆ. ಅಡಾಪ್ಟರುಗಳ ಮೇಲೆ ಹೆಸರು ಬರೆದ ಚೀಟಿ ಅಂಟಿಸಿಡಿ.

ಬದಲಿ ಕೇಳುವಾಗ

ಬಿದ್ದ, ನೀರು ತಾಕಿದ, ಸೀಲ್ ಒಡೆದ ಡಿಸ್ಕಿಗೆ ವಾರಂಟಿ ಸಿಗದು. ಉಳಿದವಕ್ಕೆ ಸಿಗುವ ಬದಲಿ ಹೊಸದೇ ಆಗಿರಬೇಕೆಂದಿಲ್ಲ. ದುರಸ್ತಿಯಾಗಿ ಪರೀಕ್ಷೆ ಮುಗಿಸಿದ ಡಿಸ್ಕ್ ಕೊಡಲು ವಾರಂಟಿಯ ಕರಾರು ಅವಕಾಶ ಕೊಟ್ಟಿರುತ್ತದೆ. ಒಪ್ಪಿಸುವಾಗ ಸೀರಿಯಲ್ ನಂಬರ್ ಇರುವ ರಸೀದಿ ತೆಗೆದುಕೊಳ್ಳಿ. ಇನ್ನೊಂದು ಸಂಗತಿ ಜನರಿಗೆ ಹೊಳೆಯುವುದೇ ಇಲ್ಲ: ಕೊಟ್ಟ ಡಿಸ್ಕ್ ಮರಳಿ ಬರುವುದಿಲ್ಲ. ಅದರಲ್ಲಿ ಆಧಾರ್ ಪ್ರತಿ, ಬ್ಯಾಂಕ್ ಕಾಗದ, ಮನೆಯವರ ಫೋಟೊ ಇದ್ದರೆ ಅವೂ ಅದರ ಜೊತೆ ಹೋದವು. ಮೊದಲಿನಿಂದಲೇ ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್ ಹಾಕಿಟ್ಟರೆ ಈ ಭಯವಿಲ್ಲ, ಆದರೆ ಅದರ ಕೀಲಿಯನ್ನು ಕಾಗದದ ಮೇಲೆ ಬರೆದು ಬೇರೆಡೆ ಇಡಬೇಕು.

ಅಂಗಡಿಯೋ ಕಂಪನಿಯೋ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆನ್‌ಲೈನ್ ಮಾರಾಟ ತಾಣಗಳು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳಿವೆ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರು ದಿಲ್ಲಿಯಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಸಮಸ್ಯೆ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ವ್ಯಾಪಾರಕ್ಕೆಂದು ಕೊಂಡವರನ್ನು ಈ ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರಿಗೆ ವಿನಾಯಿತಿ ಇದೆ. ಸಣ್ಣ ಸ್ಟುಡಿಯೊ ನಡೆಸುವ ಛಾಯಾಗ್ರಾಹಕರು, ಡಿಟಿಪಿ ಮಾಡುವವರು ಇದನ್ನು ತಿಳಿದಿರಬೇಕು. ‘ನೀವು ಬಿಸಿನೆಸ್‌ನವರು, ಕೇಸ್ ನಿಲ್ಲಲ್ಲ’ ಎಂದು ಹೆದರಿಸಿದರೆ ಹಿಂದೆ ಸರಿಯಬೇಡಿ.

ಇಷ್ಟೆಲ್ಲ ಗೆದ್ದರೂ ಕೈಗೆ ಬರುವುದು ಇನ್ನೊಂದು ಖಾಲಿ ಡಿಸ್ಕ್, ಇಲ್ಲವೇ ಹಣ. ಫೋಟೊಗಳನ್ನು ಯಾವ ಆಯೋಗವೂ ಕೊಡಿಸಲಾರದು. ಅದಕ್ಕಿರುವ ದಾರಿ ಎರಡನೆಯ ಪ್ರತಿ ಒಂದೇ. ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ಲ್ಯಾಪ್‌ಟಾಪಿನಿಂದ ಅಳಿಸಿದರೆ ಅದು ಬ್ಯಾಕಪ್ ಅಲ್ಲ, ಜಾಗ ಬದಲಾವಣೆ. 4 ಟಿಬಿಯ ಒಂದು ಡಿಸ್ಕ್ ಕೊಳ್ಳಲು ಹೊರಟಿದ್ದರೆ, ಸ್ವಲ್ಪ ಹೆಚ್ಚು ಖರ್ಚಾದರೂ 2 ಟಿಬಿಯ ಎರಡನ್ನು ಬೇರೆ ಬೇರೆ ಕಂಪನಿಯವು ನೋಡಿ ಕೊಳ್ಳಿ. ಎರಡರಲ್ಲೂ ಒಂದೇ ಸಂಗ್ರಹವಿರಲಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದನ್ನು ಅಕ್ಕನ ಮನೆಯಲ್ಲೋ ಊರಿನ ಮನೆಯಲ್ಲೋ ಇಡಿ. ಹಬ್ಬಕ್ಕೆ ಹೋದಾಗಲೆಲ್ಲ ಅದಕ್ಕೆ ಹೊಸದನ್ನು ಸೇರಿಸಿ, ಹಳೆಯ ನಾಲ್ಕು ಫೈಲುಗಳನ್ನು ತೆರೆದು ನೋಡಿ ಬನ್ನಿ.